ಸಡಿಲಿದ ಆಸನಕ್ಕೆ ಹೊಸ ನವಾರ

ಬೀಗರು ಬಂದಾಗ ಕುಳ್ಳಿರಿಸಲು ಪಡಸಾಲೆಯಲ್ಲೊಂದು ಸೋಫಾ ಇರಬೇಕೆಂಬ ಆಸೆ ವಿಜಯಪುರದ ಮನೆಗಳಲ್ಲಿ ಬೇರೂರಿ ಹಲವು ದಶಕಗಳೇ ಸಂದವು. ಅದಕ್ಕೂ ಮೊದಲು ಒಳಗೊಂದು ಜಮಖಾನೆ, ಅಂಗಳದಲ್ಲೊಂದು ಹೊರಸು ಇದ್ದರೆ ಸಾಕಾಗುತ್ತಿತ್ತು. ಹೊರಸಿನ ಹಗ್ಗ ಸಡಿಲಿದರೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು; ಕಾಲ್ದೆಸೆಯ ಹಗ್ಗವನ್ನು ಜಗ್ಗಿ ಬಿಗಿದರೆ ಮುಗಿಯಿತು. ಸೋಫಾದ ಹೊಟ್ಟೆಯೊಳಗಿನ ನವಾರ ಸಡಿಲಿದ್ದು ಮಾತ್ರ ಕುಳಿತವರಿಗಲ್ಲದೆ ಬೇರೆಯವರಿಗೆ ತಿಳಿಯದು.

ನಮ್ಮ ಮನೆಯ ಸಾಗವಾನಿ ಸೋಫಾ 1994ರಲ್ಲಿ ಮದುವೆಯ ಕಾಲಕ್ಕೆ ಮಾಡಿಸಿದ್ದು. ಮೇಲಿನ ಬಟ್ಟೆಯನ್ನು ಎರಡು ಸಲ ಬದಲಿಸಿದ್ದೆವು, ಒಳಗನ್ನು ಒಮ್ಮೆಯೂ ನೋಡಿರಲಿಲ್ಲ. ಎಪ್ಪತ್ತೆಂಟು ವಯಸ್ಸಿನ ನಮ್ಮ ತಾಯಿಯವರು ಅದರಲ್ಲಿ ಕುಳಿತರೆ ಎಬ್ಬಿಸಲು ಇಬ್ಬರ ಕೈ ಬೇಕಾಗತೊಡಗಿತು. ಒಂದು ದಿನ ಬಂದವರೆದುರಿಗೇ ಹಾಗಾಯಿತು. ಅಂದಿನಿಂದ ಅವರು ಪಡಸಾಲೆಗೆ ಬರುವುದನ್ನೇ ಬಿಟ್ಟರು. ಯಾರು ಬಂದರೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಮಾತು. ರಿಪೇರಿಗೆಂದು ಕೇಳಿದ ಕಡೆ ಹೊಸ ಸೋಫಾದ ಅರ್ಧ ಬೆಲೆ ಹೇಳಿದರು. ಆದಕಾರಣ ನಾವೇ ಕೈಹಚ್ಚಿದೆವು.

ಮೊದಲ ಸಲ ನಮ್ಮಿಂದ ಎರಡು ತಪ್ಪುಗಳಾದವು. ನವಾರವನ್ನು ಬರಿಗೈಯಿಂದ ಎಳೆದು ಬಡಿದೆವು. ಮನೆಯಲ್ಲಿದ್ದ ಉದ್ದ ಮೊಳೆಗಳನ್ನೇ ಒಂದೇ ಸಾಲಿನಲ್ಲಿ ಹೊಡೆದೆವು. ನಮ್ಮ ಸೀಮೆಯ ಬಿಸಿಲಿಗೆ ಮೂವತ್ತು ವರ್ಷ ಒಣಗಿದ ಕಟ್ಟಿಗೆ ಒಂದು ಕಡೆ ಸೀಳು ಬಿಟ್ಟಿತು. ತಿಂಗಳೊಳಗೆ ಆಸನ ಮತ್ತೆ ಕುಸಿಯಿತು.

ಬಬಲೇಶ್ವರದ ನಮ್ಮ ಸೋದರಮಾವನವರು ಬಂದು ನೋಡಿ ನಕ್ಕರು. "ಅಲ್ಲೋ ತಮ್ಮಾ, ಕೈಲೆ ಜಗ್ಗಿದ್ರ ನವಾರ ಬಿಗಿ ಆಗ್ತೈತೇನು? ಸನ್ನಿ ಹಾಕಬೇಕು" ಎಂದರು. ಸನ್ನಿ ಎಂದರೆ ಸನ್ನೆಗೋಲು. ನವಾರ ಬಿಗಿಯುವ ಉಪಕರಣದ ಗುಟ್ಟೆಲ್ಲ ಆ ಒಂದು ಮಾತಿನಲ್ಲಿತ್ತು.

ಅವರು ಅಂದೇ ಅದನ್ನು ಮಾಡಿಕೊಟ್ಟರು. ಒಂದಡಿ ಉದ್ದ, ನಾಲ್ಕು ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಗಟ್ಟಿ ಹಲಗೆಯೊಂದನ್ನು ತೆಗೆದುಕೊಂಡು, ಒಂದು ತುದಿಯ ಹತ್ತಿರ ಎರಡೂವರೆ ಅಂಗುಲ ಉದ್ದ, ಅರ್ಧ ಅಂಗುಲ ಎತ್ತರದ ಸೀಳುರಂಧ್ರ ಕೊರೆದರು. ಇನ್ನೊಂದು ತುದಿಯನ್ನು ಹಿಡಿಕೆಯಂತೆ ಸಣ್ಣದು ಮಾಡಿದರು. ಜೊತೆಗೆ ನಾಲ್ಕು ಅಂಗುಲದ ಒಂದು ಗೂಟ. ಅದು ರಂಧ್ರಕ್ಕಿಂತ ದಪ್ಪವಿರಬೇಕು, ಇಲ್ಲವಾದರೆ ಎಳೆತಕ್ಕೆ ರಂಧ್ರದೊಳಗೆ ನುಸುಳಿಹೋಗುತ್ತದೆ. ಎರಡು ಅಂಗುಲದ ನವಾರವನ್ನು ಮಡಚಿ ಕುಣಿಕೆಯಾಗಿ ರಂಧ್ರದಲ್ಲಿ ತೂರಿಸಿ, ಕುಣಿಕೆಯೊಳಗೆ ಗೂಟವಿಟ್ಟು, ಹಲಗೆಯ ತುದಿಯನ್ನು ಚೌಕಟ್ಟಿನ ಹೊರಬದಿಗೆ ಆನಿಸಿ ಹಿಡಿಕೆಯನ್ನು ಕೆಳಕ್ಕೆ ಅದುಮಿದರೆ, ಎರಡು ಕೈಗಳಿಂದ ಎಂದೂ ಬಾರದ ಬಿಗಿ ಒಂದೇ ಕೈಯಲ್ಲಿ ಬರುತ್ತದೆ. ಮೊಳೆ ಹೊಡೆಯಲು ಇನ್ನೊಂದು ಕೈ ಬಿಡುವಾಗಿರುತ್ತದೆ. ಚೌಕಟ್ಟಿಗೆ ಗಾಯವಾಗದಂತೆ ತುದಿಗೆ ಹಳೆಯ ಬಟ್ಟೆ ಸುತ್ತುವುದು ಒಳ್ಳೆಯದು.

ಉಳಿದ ಉಪಕರಣಗಳು ಹೆಚ್ಚಿನವೇನಲ್ಲ. ಹಳೆಯ ಮೊಳೆ ಕೀಳಲು ಮೊಂಡಾದ ಉಳಿ, ಕೊಡತಿ, ಒಂದು ಇಕ್ಕಳ. ಉಳಿಯನ್ನು ಕಟ್ಟಿಗೆಯ ಎಳೆಯುದ್ದಕ್ಕೆ ಬಡಿಯಬೇಕೇ ಹೊರತು ಅಡ್ಡಡ್ಡವಾಗಿ ಅಲ್ಲ. ಸಣ್ಣ ಸುತ್ತಿಗೆ; ಅದರ ತುದಿಗೆ ಅಯಸ್ಕಾಂತವಿದ್ದರೆ ಬೆರಳುಗಳಿಗೆ ಕ್ಷೇಮ. ಮೊಳೆಗಳು ಅರ್ಧ ಅಂಗುಲದಷ್ಟು, ತಲೆ ಮಾತ್ರ ಅಗಲ.

ಬಡಿಯುವ ಕ್ರಮ ಹೀಗೆ. ನವಾರವನ್ನು ಮೊದಲೇ ಕತ್ತರಿಸಬಾರದು, ಸುರುಳಿಯಿಂದಲೇ ಎಳೆದುಕೊಳ್ಳಬೇಕು. ತುದಿಯನ್ನು ಒಂದು ಅಂಗುಲ ಮಡಚಿ, ಮೇಲೆ ಮೂರು, ಕೆಳಗೆ ಎರಡು ಹೀಗೆ ಓರೆಕೋರೆಯಾಗಿ ಐದು ಮೊಳೆ ಹೊಡೆದರೆ ಕಟ್ಟಿಗೆ ಸೀಳುವುದಿಲ್ಲ. ಎದುರು ಬದಿಯಲ್ಲಿ ಬಿಗಿದು ಮೂರು ಮೊಳೆ. ಬಳಿಕ ಅಂಗುಲ ಮಿಗಿಸಿ ಕತ್ತರಿಸಿ, ಮಡಚಿ ಎರಡು. ಪಟ್ಟಿಗಳ ನಡುವಿನ ಸಂದು ಪಟ್ಟಿಯ ಅಗಲಕ್ಕಿಂತ ಕಡಿಮೆ ಇರಲಿ. ಅಡ್ಡಪಟ್ಟಿಗಳನ್ನು ಚಾಪೆಯಂತೆ ಒಂದರ ಮೇಲೆ, ಒಂದರ ಕೆಳಗೆ ಹೆಣೆಯಬೇಕು. ಬೆರಳಿಂದ ಬಡಿದಾಗ ಹಲಗೆಯ ನಾದ ಬಂದರೆ ಸರಿಯಾಯಿತು. ಆದರೆ ಸನ್ನೆಯ ಬಲ ದೊಡ್ಡದು. ಹಳೆಯ ಚೌಕಟ್ಟಿನ ಕೀಲುಗಳು ಬಿಟ್ಟುಕೊಂಡಿದ್ದರೆ ಮೊದಲು ಅವನ್ನು ಅಂಟಿಸಿ ಒಣಗಿಸದೆ ಎಳೆಯಬಾರದು.

ರಬ್ಬರು ಬೆರೆತ ಪಟ್ಟಿಯಾದರೆ ಸನ್ನೆ ಬೇಡ. ಹತ್ತರಲ್ಲಿ ಒಂದು ಪಾಲು ಹಿಗ್ಗುವಷ್ಟು ಕೈಯಿಂದ ಎಳೆದರೆ ಸಾಕು.

ನೂಲು, ನಾರು ಎಂದರೆ ನಮ್ಮ ಜಿಲ್ಲೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನವರು ಇಲ್ಲಿಯ ಶಿವಣಗಿಯವರೆಂದು ಬಲ್ಲವರು ಹೇಳುತ್ತಾರೆ. ಹುಲ್ಲು ಕೊಯ್ದು, ನುಲಿ ಹೊಸೆದು ಮಾರಿ ಜಂಗಮ ದಾಸೋಹ ನಡೆಸಿದವರು ಅವರು. ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಕಾಯಕ ನಿಲ್ಲಿಸದೆ ನಡೆದರೆಂಬ ಕಥೆ ನಮ್ಮ ಪಾಠಕರಿಗೆ ತಿಳಿದದ್ದೇ. ಹೊಲದ ಬದುವಿನ ಪುಂಡಿಯ ಕಟ್ಟಿಗೆಯನ್ನು ನೀರಲ್ಲಿ ಕೊಳೆಹಾಕಿ ನಾರು ಸುಲಿದು ಹಗ್ಗ ಹೊಸೆಯುತ್ತಿದ್ದ ಹಿರಿಯರು ಇನ್ನೊಂದು ಸಂಗತಿಯನ್ನೂ ಬಲ್ಲವರಾಗಿದ್ದರು: ನಾರಿನ ಹಗ್ಗ ಮಳೆಗೆ ನೆನೆದರೆ ಬಿಗಿಯುತ್ತದೆ, ಒಣಗಿದರೆ ಸಡಿಲುತ್ತದೆ. ಸೆಣಬು, ಹತ್ತಿಗಳ ನವಾರಕ್ಕೂ ಇದೇ ಸ್ವಭಾವ. ಆದುದರಿಂದ ಒದ್ದೆ ನವಾರವನ್ನು ಬಡಿಯುವುದು ಬೇಡ.

ಎರಡನೆಯ ಸಲದ ಕೆಲಸಕ್ಕೆ ನಮಗೆ ಒಂದೂವರೆ ದಿನ ಹಿಡಿಯಿತು. ಸೀಳಿದ ಕಡೆಗೆ ಅಂಟು ತುಂಬಿ ಬಿಗಿದು ಕಟ್ಟಿದ್ದಕ್ಕೇ ಒಂದು ರಾತ್ರಿ ಹೋಯಿತು. ತಾಯಿಯವರು ಮೊದಲು ಕೈಯಿಂದ ಒತ್ತಿ ನೋಡಿದರು, ಆಮೇಲೆ ಅಂಚಿನಲ್ಲಿ ಕುಳಿತರು, ಆಮೇಲೆ ಪೂರ್ತಿ ಕುಳಿತರು. ಏಳುವಾಗ ನಾವು ಚಾಚಿದ ಕೈಯನ್ನು ಸರಿಸಿದರು. ಈಗ ಸಂಜೆಯ ಚಹ ಅವರಿಗೆ ಪಡಸಾಲೆಯಲ್ಲೇ ಆಗಬೇಕು.

ಆ ಸನ್ನೆಹಲಗೆಯನ್ನು ತಿಕೋಟಾದ ನಮ್ಮ ಬೀಗರು ತಮ್ಮ ಕುರ್ಚಿಗಳಿಗೆ ಬೇಕೆಂದು ಒಯ್ದಿದ್ದಾರೆ. ಇನ್ನೂ ಮರಳಿ ಬಂದಿಲ್ಲ.