ಪ್ಲಾಸ್ಟಿಕ್ ಒಂದಲ್ಲ, ಏಳು ಬಗೆ: ತಳದ ಅಂಕಿ ನೋಡಿ ಬಳಸಿ

ಕೊಪ್ಪಳ: ಗಂಗಾವತಿಯ ಅಕ್ಕಿ ಗಿರಣಿಯಿಂದ ಹೊರಡುವ ಚೀಲ, ಕುಷ್ಟಗಿಯ ದಾಳಿಂಬೆ ತೋಟದಲ್ಲಿ ಹಾಸಿದ ಹನಿ ನೀರಾವರಿಯ ಪೈಪು, ಯಲಬುರ್ಗಾದ ಸಂತೆಯಲ್ಲಿ ಬಿಸಿ ಮಿರ್ಚಿ ತುಂಬಿಕೊಡುವ ತೆಳು ಚೀಲ, ಕೊಪ್ಪಳದ ಬಸ್ ನಿಲ್ದಾಣದಲ್ಲಿ ಕೊಳ್ಳುವ ನೀರಿನ ಬಾಟಲಿ. ಇವೆಲ್ಲವನ್ನೂ ನಾವು ಪ್ಲಾಸ್ಟಿಕ್ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ವಾಸ್ತವದಲ್ಲಿ ಇವು ಗುಣ, ಬಾಳಿಕೆ ಹಾಗೂ ಅಪಾಯಗಳಲ್ಲಿ ಪರಸ್ಪರ ಭಿನ್ನವಾದ ವಸ್ತುಗಳು. ಈ ಭೇದವನ್ನು ಅರಿಯದಿರುವುದೇ ಅನೇಕ ತೊಂದರೆಗಳಿಗೆ ಮೂಲ.

ತುಂಗಭದ್ರೆಯನ್ನು ಸೇರುವ ಹಿರೇಹಳ್ಳವನ್ನು 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ನೇತೃತ್ವದಲ್ಲಿ ಜನರೇ ಮುಂದೆ ನಿಂತು ಸ್ವಚ್ಛಗೊಳಿಸಿದ್ದನ್ನು ಜಿಲ್ಲೆಯವರು ಬಲ್ಲರು. ಹಳ್ಳವೊಂದನ್ನು ಶುಚಿಗೊಳಿಸಲು ಎಷ್ಟು ಕೈಗಳು ಬೇಕು ಎಂಬುದನ್ನು ಕಂಡವರಿಗೆ, ಅದು ಮತ್ತೆ ಕಸದ ಗುಂಡಿಯಾಗದಂತೆ ಕಾಯುವ ಹೊಣೆ ಮನೆಯಿಂದಲೇ ಆರಂಭವಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಅಂಕಿ ಹೇಳುವುದೇನು?

ಬಾಟಲಿ ಅಥವಾ ಡಬ್ಬಿಯ ತಳದಲ್ಲಿ ತ್ರಿಕೋನದ ನಡುವೆ 1ರಿಂದ 7ರವರೆಗಿನ ಒಂದು ಅಂಕಿ ಇರುತ್ತದೆ. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮವು ಜಾರಿಗೆ ತಂದ ಈ ಗುರುತು ವಸ್ತುವಿನ ಜಾತಿಯನ್ನು ಸೂಚಿಸುತ್ತದೆಯೇ ಹೊರತು, ಅದು ಸುರಕ್ಷಿತ ಎಂದಾಗಲಿ ಮರುಬಳಕೆಯಾಗಿಯೇ ತೀರುತ್ತದೆ ಎಂದಾಗಲಿ ಸಾರುವುದಿಲ್ಲ.

1 - ಪೆಟ್: ನೀರು, ತಂಪು ಪಾನೀಯಗಳ ಬಾಟಲಿ. ಸುಮಾರು 70-80 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಮೆತ್ತಗಾಗುವುದರಿಂದ ಬಿಸಿ ಪದಾರ್ಥಕ್ಕೆ ತಕ್ಕುದಲ್ಲ. ಗುಜರಿಯಲ್ಲಿ ಬೇಡಿಕೆ ಉಂಟು. ಕರಗಿಸಿ ನೂಲನ್ನೂ ತೆಗೆಯುತ್ತಾರೆ.

2 - ಎಚ್‌ಡಿಪಿಇ: ಗಟ್ಟಿ ಕ್ಯಾನು, ತುಂತುರು ನೀರಾವರಿಯ ಪೈಪು, ಭತ್ತ ಒಣಗಿಸುವ ತಾಡಪತ್ರಿ. ಬಹುಕಾಲ ಬಾಳುತ್ತದೆ.

3 - ಪಿವಿಸಿ: ಕೊಳವೆಬಾವಿ ಹಾಗೂ ನಲ್ಲಿಯ ಪೈಪು, ವಿದ್ಯುತ್ ತಂತಿಯ ಹೊದಿಕೆ. ಇದನ್ನು ಎಂದಿಗೂ ಸುಡಬಾರದು.

4 - ಎಲ್‌ಡಿಪಿಇ: ಹಾಲಿನ ಪೊಟ್ಟಣ, ತೆಳುವಾದ ಚೀಲ. ಹನಿ ನೀರಾವರಿಯ ಕಪ್ಪು ಪೈಪು ಇದೇ ಕುಲಕ್ಕೆ ಸೇರಿದ್ದು.

5 - ಪಾಲಿಪ್ರೊಪಿಲೀನ್: ಅಕ್ಕಿ ಹಾಗೂ ಗೊಬ್ಬರದ ನೇಯ್ದ ಚೀಲ, ಊಟದ ಡಬ್ಬಿ. ಇತರ ಬಗೆಗಳಿಗಿಂತ ಹೆಚ್ಚು ಶಾಖ ತಾಳುತ್ತದೆ.

6 - ಪಾಲಿಸ್ಟೈರೀನ್: ಥರ್ಮಾಕೋಲ್ ತಟ್ಟೆ, ಲೋಟ. ಹಗುರವಾದ್ದರಿಂದ ಗುಜರಿಯವರು ಕೊಳ್ಳುವುದು ಅಪರೂಪ.

7 - ಇತರೆ: ಪಾಲಿಕಾರ್ಬೊನೇಟ್ ಕ್ಯಾನು, ಹಲವು ಪದರಗಳ ಚಿಪ್ಸ್ ಹಾಗೂ ಶ್ಯಾಂಪೂ ಪೊಟ್ಟಣಗಳು. ಪದರಗಳನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಇಂತಹ ಪೊಟ್ಟಣಗಳು ಕಸವಾಗಿಯೇ ಉಳಿಯುತ್ತವೆ.

ಅಂಕಿ ಅಳಿಸಿಹೋಗಿದ್ದರೆ ಚಿಕ್ಕ ತುಂಡೊಂದನ್ನು ನೀರಿಗೆ ಹಾಕಬಹುದು. 2, 4 ಹಾಗೂ 5ನೇ ಬಗೆಗಳು ತೇಲುತ್ತವೆ. 1 ಮತ್ತು 3 ಮುಳುಗುತ್ತವೆ.

ಮೂರು ತಪ್ಪುಗಳು

ಮೊದಲನೆಯದು, ಬಿಸಿ ಸಾರು, ಚಹಾ, ಮಿರ್ಚಿಗಳನ್ನು ತೆಳು ಚೀಲದಲ್ಲಿ ಕಟ್ಟಿಸಿಕೊಳ್ಳುವುದು. ಬಣ್ಣದ ಚೀಲವನ್ನು ಯಾವ ಹಳೆಯ ಪ್ಲಾಸ್ಟಿಕ್ ಕರಗಿಸಿ ತಯಾರಿಸಿದ್ದಾರೆಂಬುದು ಕೊಳ್ಳುವವರಿಗೆ ತಿಳಿಯದು. ಶಾಖ ಮತ್ತು ಎಣ್ಣೆ ಎರಡೂ ಕೂಡಿದಾಗ ಪ್ಲಾಸ್ಟಿಕ್‌ಗೆ ಬೆರೆಸಿದ ರಾಸಾಯನಿಕಗಳು ಆಹಾರಕ್ಕೆ ಇಳಿಯುವ ಸಾಧ್ಯತೆ ಹೆಚ್ಚು. ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು 2025ರ ಫೆಬ್ರುವರಿಯಲ್ಲಿ ಬೆಳಕಿಗೆ ಬಂದಾಗ ರಾಜ್ಯದ ಆರೋಗ್ಯ ಇಲಾಖೆ ಅದನ್ನು ತಡೆಯಲು ಮುಂದಾದದ್ದು ಈ ಕಾರಣದಿಂದಲೇ. ಅಂಗಡಿಗೆ ಸ್ಟೀಲ್ ಡಬ್ಬಿ ಒಯ್ಯುವುದು ನಾಚಿಕೆಯ ಮಾತಲ್ಲ.

ಎರಡನೆಯದು ಹೆಚ್ಚು ಅಪಾಯಕಾರಿ. ಕೀಟನಾಶಕದ ಖಾಲಿ ಕ್ಯಾನು ಗಟ್ಟಿಯಾಗಿದೆ ಎಂದು ತೊಳೆದು ಕುಡಿಯುವ ನೀರಿಗೋ ಎಣ್ಣೆಗೋ ಬಳಸುವವರುಂಟು. ಎಷ್ಟು ತೊಳೆದರೂ ಅದರ ಒಳಮೈಯಲ್ಲಿ ವಿಷದ ಅಂಶ ಉಳಿಯಬಹುದು. ಅದನ್ನು ಮೂರು ಬಾರಿ ಜಾಲಿಸಿ, ಆ ನೀರನ್ನು ಸಿಂಪಡಣೆಯ ಪಂಪಿಗೇ ಸುರಿದು, ಕ್ಯಾನಿಗೆ ರಂಧ್ರ ಮಾಡಿ ಯಾರೂ ಮರಳಿ ಬಳಸದಂತೆ ಮಾಡಬೇಕು.

ಮೂರನೆಯದು, ಕಸಕ್ಕೆ ಬೆಂಕಿ ಇಡುವುದು. ರಾಶಿಯಲ್ಲಿ ಪಿವಿಸಿ ತುಂಡೊಂದಿದ್ದರೂ ಹೈಡ್ರೋಕ್ಲೋರಿಕ್ ಆಮ್ಲದ ಆವಿ, ಡಯಾಕ್ಸಿನ್‌ನಂತಹ ವಿಷಗಳು ಹೊಗೆಯೊಡನೆ ಹೊರಡುತ್ತವೆ. ತಂತಿಯೊಳಗಿನ ತಾಮ್ರಕ್ಕಾಗಿ ಹೊದಿಕೆ ಸುಡುವುದರಿಂದ ಸಿಗುವುದು ಕೆಲವೇ ರೂಪಾಯಿ, ಹೊಗೆ ಕುಡಿಯುವುದು ಮಾತ್ರ ಮನೆಮಂದಿಯೆಲ್ಲ. ಇನ್ನು ಊಟ ಉಳಿದ ಚೀಲವನ್ನು ಗಂಟುಕಟ್ಟಿ ಬೀದಿಗೆಸೆದರೆ ದನಗಳು ಅದನ್ನು ಚೀಲಸಮೇತ ನುಂಗುತ್ತವೆ. ಹೊಟ್ಟೆಯಲ್ಲಿ ಜಮೆಯಾದ ಪ್ಲಾಸ್ಟಿಕ್ ಜೀರ್ಣವಾಗುವುದೂ ಇಲ್ಲ, ಹೊರಬರುವುದೂ ಇಲ್ಲ.

ಕಾನೂನು ಏನು ಹೇಳುತ್ತದೆ?

2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಕರ್ನಾಟಕ ಸರ್ಕಾರವು ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್ ಮುಂತಾದವನ್ನು ನಿಷೇಧಿಸಿದೆ. ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ಹಲವು ಏಕಬಳಕೆಯ ವಸ್ತುಗಳನ್ನು ದೇಶಾದ್ಯಂತ ನಿಷೇಧಿಸಿತು. ಅಂಗಡಿಗಳಲ್ಲಿ ಬಟ್ಟೆಯ ಚೀಲವೆಂದು ಕೊಡುವ ಅನೇಕ ಬಣ್ಣದ ಚೀಲಗಳು ಪಾಲಿಪ್ರೊಪಿಲೀನ್‌ನವೇ. ಅವುಗಳಲ್ಲಿ ಹಾಸುಹೊಕ್ಕು ನೂಲು ಕಾಣದೆ, ಚುಕ್ಕೆ ಚುಕ್ಕೆಯಾಗಿ ಒತ್ತಿದ ಗುರುತಷ್ಟೇ ಕಾಣುತ್ತದೆ.

ಪ್ಲಾಸ್ಟಿಕ್ಕನ್ನು ಪೂರ್ತಿ ತ್ಯಜಿಸುವುದು ಇಂದು ಸಾಧ್ಯವಿಲ್ಲ, ಅದರ ಅಗತ್ಯವೂ ಇಲ್ಲ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯಲ್ಲಿ ಹನಿ ನೀರನ್ನು ಬೇರಿಗೆ ಮುಟ್ಟಿಸುವ ಪೈಪು ವರ್ಷಗಟ್ಟಲೆ ದುಡಿಯುತ್ತದೆ. ಅದೇ ಕುಲದ ಕೈಚೀಲ ಸಂತೆಯಿಂದ ಮನೆಯವರೆಗೆ ಮಾತ್ರ ದುಡಿದು ವರ್ಷಗಟ್ಟಲೆ ಹಳ್ಳದಲ್ಲಿ ಬಿದ್ದಿರುತ್ತದೆ. ದೋಷ ವಸ್ತುವಿನದಲ್ಲ, ಬಳಕೆಯದು. ಹಳೆಯ ಪೈಪು, ಬಾಟಲಿ, ತೊಳೆದು ಒಣಗಿಸಿದ ಹಾಲಿನ ಪೊಟ್ಟಣಗಳನ್ನು ಬೇರೆ ಬೇರೆಯಾಗಿಟ್ಟು ಗುಜರಿಗೆ ಅಥವಾ ಕಸದ ಗಾಡಿಗೆ ಕೊಡಿ. ಸಂತೆಗೆ ಹೊರಡುವಾಗ ಮನೆಯ ಕೈಚೀಲ ಮರೆಯದಿರಿ.