ತರಬೇತಿ ಮತ್ತು ತಾಲೀಮು: ತರಗತಿಯ ರೂಢಿಗಳ ಜಾನಪದೀಯ ವಿವೇಚನೆ

ಇಂದು ಬೆಳಗಾವಿ ನಗರದೊಳಗೆ ಬೆರೆತುಹೋಗಿರುವ ಶಹಾಪುರವು 1948ರಲ್ಲಿ ಸಾಂಗಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನಗೊಳ್ಳುವವರೆಗೆ ಆ ಸಂಸ್ಥಾನದ ಪೇಟೆಯಾಗಿತ್ತು. ನೇಕಾರಿಕೆ ಈ ಪೇಟೆಯ ಹೆಸರುವಾಸಿ ಕಸುಬು. ಇಲ್ಲಿ ನೇಯ್ದ ಸೀರೆಗೆ ಊರಿನ ಹೆಸರೇ ನಿಂತಿದೆ. ಕೈಮಗ್ಗಗಳ ಜಾಗವನ್ನು ಬಹುಮಟ್ಟಿಗೆ ವಿದ್ಯುತ್ ಮಗ್ಗಗಳು ಆಕ್ರಮಿಸಿದ ಮೇಲೂ ಶಹಾಪುರ, ವಡಗಾವಿ, ಖಾಸಬಾಗಗಳ ಓಣಿಗಳಲ್ಲಿ ಮಕ್ಕಳು ಮಗ್ಗದ ಸದ್ದು ಕೇಳುತ್ತಲೇ ಬೆಳೆಯುತ್ತಾರೆ. ಒಂದು ಮನೆಯ ಮಾತು ಕನ್ನಡ, ಪಕ್ಕದ ಮನೆಯದು ಮರಾಠಿ, ಎದುರು ಮನೆಯದು ಉರ್ದು. ಅಂಥ ಓಣಿಯಿಂದ ಜೂನ್ ತಿಂಗಳಲ್ಲಿ ಕನ್ನಡ ಶಾಲೆಯ ಒಂದನೆಯ ತರಗತಿಗೆ ಬರುವ ಮಗುವಿಗೆ ಮೊದಲು ಎದುರಾಗುವ ತೊಡಕು ಅಕ್ಷರದ್ದಲ್ಲ. ಎಲ್ಲಿ ಕೂಡಬೇಕು, ಪಾಟಿ ಎಲ್ಲಿಡಬೇಕು, ನೀರಡಿಸಿದರೆ ಯಾರನ್ನು ಹೇಗೆ ಕೇಳಬೇಕು, ಬರೆದು ಮುಗಿದ ಮೇಲೆ ಏನು ಮಾಡಬೇಕು ಎಂಬುದು ಅದಕ್ಕೆ ತಿಳಿದಿರುವುದಿಲ್ಲ. ತಿಳಿಯದ ಮಗು ಸುಮ್ಮನಾಗುತ್ತದೆ. ಸುಮ್ಮನಾದ ಮಗುವನ್ನು ದಡ್ಡನೆಂದು ಬಗೆಯುವುದು ಸುಲಭ.

ಈ ತೊಡಕನ್ನು ಬಿಡಿಸುವುದು ತರಗತಿಯ ರೂಢಿಗಳ ಕೆಲಸ. ಅವುಗಳನ್ನು ಶಿಕ್ಷಕರಿಗೆ ಕಲಿಸುವ ಬಗೆ ಯಾವುದು ಎಂಬುದನ್ನು ಜಾನಪದ ಅಧ್ಯಯನದ ನೆಲೆಯಿಂದ ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಇಲ್ಲಿ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು ಕೆಲಸವನ್ನು ಮಾಡುವ ಗೊತ್ತಾದ ಹಂತಗಳನ್ನು ಪದ್ಧತಿ ಎನ್ನಬಹುದು. ಆ ಪದ್ಧತಿಯನ್ನು ಯಾರೂ ಹೇಳದೆಯೇ ಎಲ್ಲರೂ ಪಾಲಿಸತೊಡಗಿದಾಗ ಅದು ರೂಢಿಯಾಗುತ್ತದೆ. ನೋಟುಪುಸ್ತಕಗಳನ್ನು ಸಾಲಿನ ಕೊನೆಯಿಂದ ಮುಂದಕ್ಕೆ ದಾಟಿಸಬೇಕೆಂದು ಶಿಕ್ಷಕಿ ತೋರಿಸಿಕೊಡುವುದು ಪದ್ಧತಿ. ಆಕೆ ಕೈಯೆತ್ತಿದೊಡನೆ ಪುಸ್ತಕಗಳು ತಾವಾಗಿಯೇ ಮುಂದಕ್ಕೆ ಬರುವುದು ರೂಢಿ. ಅಮೆರಿಕದ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ತರಗತಿ ನಿರ್ವಹಣೆಯ ಅಧ್ಯಯನದಲ್ಲಿ ಕಂಡುಕೊಂಡದ್ದೂ ಇದಕ್ಕೆ ಸಮೀಪದ ಸಂಗತಿಯೇ. ತಪ್ಪು ನಡೆದ ಮೇಲೆ ಶಿಕ್ಷಕರು ಹೇಗೆ ಗದರಿಸುತ್ತಾರೆ ಎಂಬುದರಿಂದ ತರಗತಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಂಟಾಗುವುದಿಲ್ಲ. ಒಂದು ಕೆಲಸದಿಂದ ಇನ್ನೊಂದಕ್ಕೆ ಮಕ್ಕಳನ್ನು ಹೇಗೆ ದಾಟಿಸುತ್ತಾರೆ, ಇಡೀ ಕೋಣೆಯ ಮೇಲೆ ಅವರ ಗಮನ ಹೇಗಿರುತ್ತದೆ ಎಂಬುದರಿಂದ ಉಂಟಾಗುತ್ತದೆ. 1980ರಲ್ಲಿ ಎಮ್ಮರ್, ಎವರ್ಟ್‌ಸನ್ ಮತ್ತು ಆಂಡರ್ಸನ್ ಪ್ರಕಟಿಸಿದ ಅಧ್ಯಯನವು ಶಾಲಾವರ್ಷದ ಮೊದಲ ವಾರಗಳತ್ತ ಗಮನ ಸೆಳೆಯಿತು. ಸಮರ್ಥ ಶಿಕ್ಷಕರು ಆ ವಾರಗಳಲ್ಲಿ ಪದ್ಧತಿಗಳನ್ನೇ ಪಾಠದಂತೆ ಕಲಿಸಿದ್ದರು.

ಇದೆಲ್ಲ ಹೊರಗಿನಿಂದ ಬಂದ ವಿಚಾರವೆಂದು ಭಾವಿಸಬೇಕಾಗಿಲ್ಲ. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಮದರಾಸು ಸರ್ಕಾರಕ್ಕೆ ಸಲ್ಲಿಸಿದ ವರದಿಯು ಜಿಲ್ಲೆಯ 533 ದೇಶೀ ಶಾಲೆಗಳ ದಿನಚರಿಯನ್ನು ವಿವರವಾಗಿ ದಾಖಲಿಸಿದೆ. ಬೆಳಗಾವಿ ಸೀಮೆಯಲ್ಲಿ ಗಾಂವಠಿ ಶಾಲೆಗಳೆಂದು ಕರೆಯುತ್ತಿದ್ದವುಗಳ ಜಾತಿಗೇ ಸೇರಿದ ಶಾಲೆಗಳಿವು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯಲಾಗುತ್ತಿತ್ತು. ಎರಡನೆಯವನ ಕೈಗೆ ಸೊನ್ನೆ: ಅವನಿಗೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬರುಬರುತ್ತಾ ಏಟುಗಳ ಸಂಖ್ಯೆ ಏರುತ್ತಿತ್ತು. ಆ ಬಳಿಕ ಹುಡುಗರು ಗುಂಪುಗಳಾಗಿ ಕೂಡುತ್ತಿದ್ದರು. ಚಿಕ್ಕವರು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದಿನ ಪಾಠದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು. ದೊಡ್ಡವರು ಚಿಕ್ಕವರಿಗೆ ಕಲಿಸುವ ಕ್ರಮವನ್ನು ಮೆಚ್ಚಿಕೊಂಡ ಕ್ಯಾಂಬೆಲ್, ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಎಂಬರ್ಥದಲ್ಲಿ ಬರೆದಿದ್ದಾನೆ. ಮದರಾಸಿನ ಅನಾಥಾಲಯದಲ್ಲಿ ಇದೇ ಬಗೆಯ ಕ್ರಮವನ್ನು ನಡೆಸಿ 1797ರಲ್ಲಿ ಲಂಡನ್ನಿನಲ್ಲಿ ವರದಿ ಪ್ರಕಟಿಸಿದ ಆಂಡ್ರ್ಯೂ ಬೆಲ್‌ನಿಂದ ಅದು ಅಲ್ಲಿ ಪ್ರಚಾರಕ್ಕೆ ಬಂದಿತ್ತು.

ಈ ದಾಖಲೆಯಲ್ಲಿ ನಮ್ಮ ಚರ್ಚೆಗೆ ಬೇಕಾದ ಎರಡೂ ಮುಖಗಳಿವೆ. ಒಬ್ಬನೇ ಐಗಳು ಬೇರೆ ಬೇರೆ ಹಂತದ ಮಕ್ಕಳನ್ನು ಒಂದೇ ಜಗುಲಿಯ ಮೇಲೆ ನಡೆಸಲು ಸಾಧ್ಯವಾದದ್ದು ರೂಢಿಯ ಬಲದಿಂದ. ಆದರೆ ಹೊತ್ತಿಗೆ ಸರಿಯಾಗಿ ಬರಲೆಂದು ಹುಟ್ಟಿದ ಕ್ರಮವೊಂದು ಲೆಕ್ಕವಿಟ್ಟು ಹೊಡೆಯುವ ಯಂತ್ರವಾದದ್ದೂ ರೂಢಿಯ ಬಲದಿಂದಲೇ. ಎಷ್ಟೇ ಬೇಗ ಎದ್ದು ಬಂದರೂ ಒಬ್ಬನ ಹೊರತು ಉಳಿದವರೆಲ್ಲ ತಡವಾದವರೇ! ಕಾರಣ ಮರೆತ ಆಚರಣೆ ಹೀಗೆಯೇ ಉಳಿದುಕೊಳ್ಳುತ್ತದೆಂಬುದು ಜಾನಪದ ವಿದ್ವಾಂಸರಿಗೆ ಹೊಸದಲ್ಲ. ಆದುದರಿಂದ ಶಿಕ್ಷಕರಿಗೆ ರೂಢಿಯನ್ನು ಕಲಿಸುವಾಗ ಅದರ ಕಾರಣವನ್ನೂ ಜೊತೆಗೇ ಕಲಿಸಬೇಕಾಗುತ್ತದೆ.

ಹೇಗೆ ಕಲಿಸಬೇಕು? ಇದೇ ಮುಖ್ಯ ಪ್ರಶ್ನೆ. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಇದಕ್ಕೆ ಎರಡು ಪದಗಳಿವೆ: ತರಬೇತಿ ಮತ್ತು ತಾಲೀಮು. ಅರಬ್ಬಿ ಮೂಲದ ಇವೆರಡೂ ಪಾರ್ಸಿ ಹಾಗೂ ಉರ್ದುವಿನ ದಾರಿಯಿಂದ ನಮ್ಮಲ್ಲಿಗೆ ಬಂದವು. ಮೂಲದಲ್ಲಿ ಮೊದಲನೆಯದು ಪಾಲನೆ, ಪೋಷಣೆ, ಎರಡನೆಯದು ಶಿಕ್ಷಣ. 1937ರ ವಾರ್ಧಾ ಸಮ್ಮೇಳನದಿಂದ ರೂಪುಗೊಂಡ ಗಾಂಧೀಜಿಯವರ ‘ನಯೀ ತಾಲೀಮ್’ ಎಂಬ ಹೆಸರಿನಲ್ಲಿ ಆ ಅರ್ಥ ಉಳಿದಿದೆ. ನಮ್ಮ ಜನಪದರಾದರೋ ತಾಲೀಮು ಎಂಬುದಕ್ಕೆ ಮೈಯಿಂದ ಮಾಡಿ ಮಾಡಿ ಕಲಿಯುವುದು ಎಂಬ ಅರ್ಥ ಕೊಟ್ಟರು. ಕುಸ್ತಿಯ ಪೈಲವಾನ ಮಾಡುವುದು ತಾಲೀಮು. ಸಣ್ಣಾಟ, ದೊಡ್ಡಾಟಗಳ ಕಲಾವಿದರು ಆಟಕ್ಕೆ ಮುನ್ನ ರಾತ್ರಿಗಟ್ಟಲೆ ನಡೆಸುವುದೂ ತಾಲೀಮು. ಆಟ ಕಲಿಸುವವನನ್ನು ಈ ಭಾಗದಲ್ಲಿ ಮಾಸ್ತರ ಎಂದೇ ಕರೆಯುತ್ತಾರೆಂಬುದು ಅರ್ಥಪೂರ್ಣವಾಗಿದೆ. ಅವನು ಪ್ರವೇಶದ ಬಗ್ಗೆ ಉಪನ್ಯಾಸ ಕೊಡುವುದಿಲ್ಲ. ತಾನು ಹೆಜ್ಜೆ ಹಾಕಿ ತೋರಿಸುತ್ತಾನೆ, ಹಾಕಿಸುತ್ತಾನೆ, ತಪ್ಪಿದ ಕಡೆ ನಿಲ್ಲಿಸಿ ಅಲ್ಲಿಂದಲೇ ಮತ್ತೆ ಹಾಕಿಸುತ್ತಾನೆ.

ಮಗ್ಗದ ಮನೆಯ ಕಲಿಕೆಯೂ ಹೀಗೆಯೇ. ಕಲಿಯುವವರು ಮೊದಲು ಕಂಡಿಕೆ ಸುತ್ತುತ್ತಾರೆ, ಕಡಿದ ಎಳೆಗೆ ಗಂಟು ಹಾಕುವುದನ್ನು ನೋಡುತ್ತಾರೆ, ಬಳಿಕ ತಾವೇ ಹಾಕುತ್ತಾರೆ. ಲಾಳಿ ಕೈಗೆ ಬರುವುದು ಆಮೇಲೆ. ಯುಗೊಸ್ಲಾವಿಯದ ಮಹಾಕಾವ್ಯ ಗಾಯಕರನ್ನು ಅಭ್ಯಸಿಸಿದ ಆಲ್ಬರ್ಟ್ ಲಾರ್ಡ್ ತನ್ನ ‘ದಿ ಸಿಂಗರ್ ಆಫ್ ಟೇಲ್ಸ್’ (1960) ಗ್ರಂಥದಲ್ಲಿ ಗಾಯಕನ ಕಲಿಕೆಗೆ ಗುರುತಿಸಿದ ಮೂರು ಹಂತಗಳನ್ನು ಇಲ್ಲಿ ನೆನೆಯಬಹುದು: ಕುಳಿತು ಕೇಳುವುದು, ತಾನೇ ಹಾಡಲು ತೊಡಗುವುದು, ಬಲ್ಲ ಕೇಳುಗರ ಮುಂದೆ ಪೂರ್ತಿ ಹಾಡುವುದು. ನಮ್ಮ ಶಿಕ್ಷಕರ ತರಬೇತಿಗಳು ಅನೇಕವೇಳೆ ಮೊದಲ ಹಂತದಲ್ಲಿಯೇ ಮುಗಿಯುತ್ತವೆ. ನಾನು ಹಾಜರಿದ್ದ ಒಂದು ಶಿಬಿರದಲ್ಲಿ ಮಕ್ಕಳ ಗದ್ದಲವನ್ನು ನಿಲ್ಲಿಸುವ ಬಗೆಯ ಕುರಿತು ದೀರ್ಘ ಉಪನ್ಯಾಸ ನಡೆಯಿತು. ಹಿಂದಿನ ಸಾಲುಗಳ ಶಿಬಿರಾರ್ಥಿಗಳ ಮಾತುಕತೆಯಲ್ಲಿ ಆ ಉಪನ್ಯಾಸದ ಅರ್ಧಭಾಗ ಯಾರಿಗೂ ಕೇಳಿಸಲಿಲ್ಲ.

ಇದಕ್ಕೆ ಭಿನ್ನವಾದ ಪ್ರಯೋಗವೊಂದು ಕರ್ನಾಟಕದಲ್ಲಿಯೇ ನಡೆದಿದೆ. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ, 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಆರಂಭವಾದ ‘ನಲಿ-ಕಲಿ’ ಪದ್ಧತಿಯ ವೈಶಿಷ್ಟ್ಯವೆಂದರೆ ಅದರ ಸಾಮಗ್ರಿಯನ್ನು ಶಿಕ್ಷಕರೇ ಸೇರಿ ರೂಪಿಸಿದ್ದು. ಮಗು ತಾನೇ ಹಾಜರಿ ಗುರುತಿಸುತ್ತದೆ. ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲನ್ನು ನೋಡುತ್ತದೆ. ಅಲ್ಲಿರುವ ಚಿತ್ರದ ಗುರುತಿಗೆ ಹೊಂದುವ ಕಾರ್ಡನ್ನು ತೆಗೆದುಕೊಂಡು ಗೊತ್ತಾದ ‘ತಟ್ಟೆ’ಗೆ ಹೋಗಿ ಕೂಡುತ್ತದೆ. ಒಂದು ತಟ್ಟೆಯಲ್ಲಿ ಶಿಕ್ಷಕರ ನೆರವು, ಇನ್ನೊಂದರಲ್ಲಿ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಂತ ಕಲಿಕೆ. ಗುರುತುಗಳು ಪ್ರಾಣಿ, ಪಕ್ಷಿ ಮೊದಲಾದವುಗಳ ಚಿತ್ರಗಳಾಗಿರುವುದರಿಂದ ಕನ್ನಡ ಓದಲು ಬಾರದ ಮಗುವೂ ತನ್ನ ದಾರಿಯನ್ನು ತಾನೇ ಕಾಣಬಲ್ಲುದು. ಶಹಾಪುರದಂಥ ಬಹುಭಾಷಿಕ ಪೇಟೆಗೆ ಇದರ ಬೆಲೆ ಹೆಚ್ಚು. ಮರಾಠಿ ಮನೆಯ ಮಗುವಿಗೆ ಕನ್ನಡದ ಆಜ್ಞಾವಾಕ್ಯ ಅರ್ಥವಾಗುವ ಮೊದಲೇ ಚಪ್ಪಾಳೆಯ ಲಯ ಅರ್ಥವಾಗುತ್ತದೆ.

1990ರ ದಶಕದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮದ ಮೊದಲ ಹಂತದಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿತ್ತು. ನಲಿ-ಕಲಿಯನ್ನು 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಲಾಯಿತು. ವಿಸ್ತಾರದೊಂದಿಗೆ ಒಂದು ನಷ್ಟವೂ ಸಂಭವಿಸುತ್ತದೆ. ರಾಜ್ಯಮಟ್ಟದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿದು ಬರುವ ತರಬೇತಿಯಲ್ಲಿ ಕ್ರಿಯೆ ಕಡಿಮೆಯಾಗುತ್ತಾ ವಿವರಣೆ ಮಾತ್ರ ಉಳಿಯುತ್ತದೆ. ಆಗ ತಟ್ಟೆಗಳ ಹೆಸರು ಗೋಡೆಯ ಮೇಲಿರುತ್ತದೆ, ಮಕ್ಕಳು ಹಳೆಯ ಸಾಲಿನಲ್ಲಿಯೇ ಕುಳಿತಿರುತ್ತಾರೆ.

ಆದ್ದರಿಂದ ತರಬೇತಿಯು ಒಂದೊಂದೇ ರೂಢಿಯನ್ನು ಎತ್ತಿಕೊಳ್ಳುವುದು ಸೂಕ್ತ. ಉದಾಹರಣೆಗೆ, ಗುಂಪು ಬದಲಿಸುವುದು. ಕ್ಷೇತ್ರಕಾರ್ಯದಲ್ಲಿ ನಾವು ಒಂದು ಆಚರಣೆಯನ್ನು ದಾಖಲಿಸುವಂತೆಯೇ ಇದನ್ನೂ ಬಿಡಿಸಿ ನೋಡಬಹುದು: ಸಂಕೇತ ಯಾವುದು, ಯಾರು ಮೊದಲು ಏಳುತ್ತಾರೆ, ಕೈಯಲ್ಲೇನಿರುತ್ತದೆ, ಯಾವ ದಾರಿಯಿಂದ ಸಾಗುತ್ತಾರೆ, ಮುಗಿಯಿತೆಂಬುದು ಹೇಗೆ ತಿಳಿಯುತ್ತದೆ. ಬಳಿಕ ಶಿಬಿರಾರ್ಥಿಗಳಲ್ಲಿ ಒಬ್ಬರು ಶಿಕ್ಷಕರಾಗಿ, ಉಳಿದವರು ಮಕ್ಕಳಾಗಿ ಅದನ್ನು ನಡೆಸಬೇಕು. ಮಕ್ಕಳಾದವರಲ್ಲಿ ಇಬ್ಬರಾದರೂ ಸಂಕೇತವನ್ನು ತಪ್ಪಾಗಿ ಗ್ರಹಿಸಬೇಕು. ಇಲ್ಲದಿದ್ದರೆ ತಾಲೀಮು ಸುಳ್ಳಾಗುತ್ತದೆ. ತಪ್ಪಿದಾಗ ಬೈಯದೆ, ಉಪದೇಶಿಸದೆ, ತಪ್ಪಿದ ಹಂತದಿಂದ ಮತ್ತೆ ಮಾಡಿಸುವುದನ್ನು ಶಿಕ್ಷಕರು ಕಲಿಯುವುದು ಅಲ್ಲಿಯೇ. ಮೂರನೆಯ ಹಂತ ಶಾಲೆಯಲ್ಲಿ, ಜೂನ್ ತಿಂಗಳ ಮೊದಲ ವಾರಗಳಲ್ಲಿ ನಡೆಯಬೇಕು. ಸಮೂಹ ಸಂಪನ್ಮೂಲ ವ್ಯಕ್ತಿಯು ದಾಖಲೆ ಪುಸ್ತಕಗಳನ್ನು ಪರಿಶೀಲಿಸುವುದಕ್ಕಿಂತ ಕೋಣೆಯ ಮೂಲೆಯಲ್ಲಿ ಕುಳಿತು ಆ ಒಂದು ರೂಢಿಯನ್ನು ನೋಡಿ, ಅಂದೇ ಶಿಕ್ಷಕರೊಡನೆ ಮಾತನಾಡುವುದು ಹೆಚ್ಚು ಫಲಕಾರಿ.

ಜನಪದ ಕಥೆಗೆ ಪಾಠಾಂತರಗಳಿರುವಂತೆ ರೂಢಿಗೂ ಪಾಠಾಂತರಗಳಿರಲೇಬೇಕು. ಓಣಿಯೊಳಗಿನ ಇಕ್ಕಟ್ಟಾದ ಶಾಲೆಯ ಕೋಣೆಗೂ ಖಾನಾಪುರದ ಕಾಡಂಚಿನ ಏಕೋಪಾಧ್ಯಾಯ ಶಾಲೆಗೂ ಒಂದೇ ಕ್ರಮ ಒಪ್ಪಲಾರದು. ಕಾರಣ ತಿಳಿದ ಶಿಕ್ಷಕರು ಮಾತ್ರ ಹಂತಗಳನ್ನು ಧೈರ್ಯವಾಗಿ ಬದಲಿಸಬಲ್ಲರು.

ಕೈಬಿಡಬೇಕಾದ ರೂಢಿಗಳನ್ನು ಗುರುತಿಸುವುದೂ ಈ ತಾಲೀಮಿನ ಭಾಗವೇ. 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಏಟು ಹೋದರೂ ಸದ್ದಿಲ್ಲದ ಕೆಲವು ರೂಢಿಗಳು ಉಳಿದುಕೊಳ್ಳಬಲ್ಲವು. ಕಸಬರಿಗೆ ಹುಡುಗಿಯರ ಕೈಗೆ, ಗಂಟೆಯ ಸುತ್ತಿಗೆ ಹುಡುಗನ ಕೈಗೆ. ನೀರಿನ ಕೊಡ ಕೆಲವು ಮಕ್ಕಳಿಗೆ, ಶೌಚಾಲಯದ ಬಕೀಟು ಬೇರೆ ಕೆಲವು ಮಕ್ಕಳಿಗೆ. ಇವನ್ನು ಯಾರೂ ಬರೆದಿಟ್ಟಿರುವುದಿಲ್ಲ, ಯಾರೂ ಆಜ್ಞೆ ಮಾಡಿರುವುದಿಲ್ಲ. ಶಿಬಿರದ ಮೊದಲ ದಿನ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ಕೋಣೆಯ ಕೆಲಸಗಳ ಪಟ್ಟಿ ಮಾಡಿ, ಕಳೆದ ವಾರ ಯಾವ ಕೆಲಸವನ್ನು ಯಾವ ಮಗು ಮಾಡಿತೆಂದು ಎದುರಿಗೆ ಹೆಸರು ಬರೆದರೆ, ಮುಂದಿನ ಚರ್ಚೆಗೆ ಬೇಕಾದ ಸಾಮಗ್ರಿ ಆ ಕಾಗದದಲ್ಲಿಯೇ ಸಿಗುತ್ತದೆ.