ಹೇಳಿದ್ದು ಮುಟ್ಟಿತೇ?

ಮಲ್ಲೇಶ್ವರದ ಕಾಫಿಪುಡಿ ಅಂಗಡಿಗಳಲ್ಲಿ ನಾವು ಗಮನಿಸಿದ್ದೇವೆ: "ಅರ್ಧ ಕಿಲೋ, ಚಿಕೋರಿ ಬೇಡ" ಎಂದರೆ, ಅನುಭವಿ ಮಾರಾಟಗಾರ ಅದನ್ನೇ ಮರುನುಡಿದು, ಆಮೇಲೆ ಬೀಜವನ್ನು ಯಂತ್ರಕ್ಕೆ ಸುರಿಯುತ್ತಾನೆ. ಪುಡಿಯಾದದ್ದು ಮತ್ತೆ ಬೀಜವಾಗದು.

ತೋಟದಲ್ಲೂ ಹಾಗೆಯೇ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣ ಮಾಡಲು 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಇದನ್ನು ಹಿಂದುಮುಂದಾಗಿ ಕೇಳಿಸಿಕೊಂಡರೆ ದ್ರಾವಣ ಕೆಡುತ್ತದೆ. ಖರ್ಚೂ ದಂಡ, ಫಸಲಿಗೂ ಅಪಾಯ.

"ಗೊತ್ತಾಯಿತೇ?" ಎಂದರೆ ಕೆಲಸದವರು ಸಂಕೋಚದಿಂದಲೂ ತಲೆಯಾಡಿಸಬಹುದು. "ಹೇಗೆ ಮಾಡುತ್ತೀರಿ, ಹೇಳಿ" ಎಂದು ಕೇಳಿ, ನಡುವೆ ಬಾಯಿಹಾಕದೆ ಆಲಿಸೋಣ. ತಪ್ಪು ಕಂಡರೆ, ಮೊದಲು ನಾವು ಹೇಳಿದ ರೀತಿಯನ್ನು ತಿದ್ದಿಕೊಳ್ಳೋಣ.